ರಾತ್ರಿ ಎರಡರ ರೀಬೂಟ್

ಮುಂಬಯಿಯ ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್ ಇರುವ ಭಾನುವಾರ ಚೆಂಬೂರಿನವರು ಕಂಗಾಲಾಗುವುದಿಲ್ಲ. ಹಿಂದಿನ ದಿನವೇ ಪತ್ರಿಕೆಯಲ್ಲಿ ವೇಳೆ ನೋಡಿಕೊಂಡಿರುತ್ತಾರೆ. ಮದುವೆಗೆ ಹೋಗುವವರು ಬೇಗ ಹೊರಡುತ್ತಾರೆ, ಉಳಿದವರು ಬೆಸ್ಟ್ ಬಸ್ಸು ಹಿಡಿಯುತ್ತಾರೆ. ಹಳಿ, ಸಿಗ್ನಲ್, ಮೇಲಿನ ತಂತಿ ದುರಸ್ತಿಯಾಗಬೇಕಾದರೆ ಗಾಡಿ ನಿಲ್ಲಲೇಬೇಕು ಎಂಬುದನ್ನು ಈ ಊರು ಎಂದೋ ಒಪ್ಪಿಕೊಂಡಿದೆ. ಸರ್ವರ್ ನೋಡಿಕೊಳ್ಳುವ ನಮಗೆ ಮಾತ್ರ ಇದನ್ನು ಒಪ್ಪಲು ಬಹಳ ಕಾಲ ಬೇಕಾಯಿತು. ಒಂದು ಯಂತ್ರ ನಾನೂರು ದಿನ ನಿಲ್ಲದೆ ಓಡಿದೆ ಎನ್ನುವುದು ನಮ್ಮಲ್ಲಿ ಹೆಮ್ಮೆಯ ಮಾತಾಗಿತ್ತು. ಆ ನಾನೂರು ದಿನ ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಹಳೆಯ ಆವೃತ್ತಿಯಲ್ಲೇ ಓಡಿದೆ ಎಂಬುದನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ.

ಅಪ್‌ಡೇಟ್ ಹಾಕಿದಾಗ ಹೊಸದಾಗುವುದು ಡಿಸ್ಕಿನಲ್ಲಿರುವ ಕಡತ. ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯನ್ನು ಬದಲಾಯಿಸಿದರೆ ಸಾಲುತ್ತಿರಲಿಲ್ಲ, ಅದನ್ನು ಬಳಸುವ ಒಂದೊಂದು ಸೇವೆಯನ್ನೂ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಕರ್ನಲ್ ಬದಲಾದರೆ ಇಡೀ ಯಂತ್ರವೇ ಒಮ್ಮೆ ಮಲಗಿ ಏಳಬೇಕು. ಆಗ ಉಬುಂಟು ‘ರೀಬೂಟ್-ರಿಕ್ವೈರ್ಡ್’ ಎಂಬ ಪುಟ್ಟ ಕಡತವೊಂದನ್ನು ಇಟ್ಟು ಸುಮ್ಮನಾಗುತ್ತದೆ. ಕಣ್ಣೆತ್ತಿ ನೋಡುವವರಿಲ್ಲದೆ ಆ ಕಡತ ತಿಂಗಳುಗಟ್ಟಲೆ ಬಿದ್ದಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2017ನೇ ಇಸವಿ ಸಾಕು. ವಿಂಡೋಸಿನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ಪ್ಯಾಚ್ ಕೊಟ್ಟಿತ್ತು. ಅದೇ ದೋಷದ ಮೂಲಕ ಹರಡಿದ ವಾನಾಕ್ರೈ ಎಂಬ ದುರುದ್ದೇಶದ ತಂತ್ರಾಂಶ ಬಂದದ್ದು ಮೇ 12ಕ್ಕೆ. ಜೂನ್ 27ರಂದು ಬಂದ ಅಂಥದೇ ನಾಟ್‌ಪೆಟ್ಯಾ ನಮ್ಮ ಟ್ರಾಂಬೆಯಿಂದ ನೀರಿನಾಚೆ ಇರುವ ಜೆಎನ್‌ಪಿಟಿ ಬಂದರಿನ ಒಂದು ಕಂಟೇನರ್ ಟರ್ಮಿನಲ್ಲನ್ನೇ ನಿಲ್ಲಿಸಿತು. ಅದು ಪಾಸ್‌ವರ್ಡ್ ಕದ್ದು ಪ್ಯಾಚ್ ಹಾಕಿದ ಯಂತ್ರಗಳಿಗೂ ನುಗ್ಗುತ್ತಿತ್ತು ಎಂಬುದನ್ನು ಹೇಳದೆ ಬಿಡಬಾರದು. ಆದರೂ ಅದು ಬಳಸಿದ ಬಾಗಿಲುಗಳಲ್ಲಿ ಒಂದು, ಮೂರು ತಿಂಗಳ ಹಿಂದೆಯೇ ಮುಚ್ಚಬಹುದಾಗಿದ್ದ ಬಾಗಿಲು.

ಹಾಗಾಗಿ ರೀಬೂಟನ್ನು ಯಂತ್ರಕ್ಕೇ ಒಪ್ಪಿಸುವುದು ಸರಿ ಎಂಬುದು ನನ್ನ ಖಚಿತ ನಿಲುವು. ತಕರಾರು ಇರುವುದು ಒಪ್ಪಿಸುವ ರೀತಿಯ ಬಗ್ಗೆ. ಡೆಬಿಯನ್, ಉಬುಂಟುಗಳ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ತೆಗೆದುಕೊಳ್ಳಿ. ಅದರಲ್ಲಿ ತಾನಾಗಿ ರೀಬೂಟ್ ಆಗುವ ಸೌಲಭ್ಯ ಮೊದಲಿಗೆ ಮುಚ್ಚಿರುತ್ತದೆ, ಅದು ಜಾಣತನ. ತೆರೆದ ಮೇಲೆ ವೇಳೆ ಕೊಡದಿದ್ದರೆ ಆ ಕ್ಷಣವೇ ರೀಬೂಟ್. ಯಾರಾದರೂ ಲಾಗಿನ್ ಆಗಿ ಕೆಲಸ ಮಾಡುತ್ತಿದ್ದರೂ, ಬೇಡವೆಂದು ಬರೆದಿಡದ ಹೊರತು, ರೀಬೂಟ್. ಮಾದರಿ ಕಡತದಲ್ಲಿ ಉದಾಹರಣೆಗೆ ಕೊಟ್ಟ ವೇಳೆ ರಾತ್ರಿ ಎರಡು. ನಾವೆಲ್ಲ ಅದನ್ನೇ ಇಟ್ಟುಕೊಂಡುಬಿಟ್ಟೆವು.

ಮುಂಬಯಿಯಲ್ಲಿ ರಾತ್ರಿ ಎರಡು ಎಂದರೆ ಏನೆಂದು ಯೋಚಿಸಿ. ಕೊನೆಯ ಲೋಕಲ್ ಹೋಗಿಯಾಗಿದೆ, ಮೊದಲನೆಯದಕ್ಕೆ ಇನ್ನೂ ಸುಮಾರು ಎರಡು ಗಂಟೆ ಇದೆ. ಇಡೀ ದಿನದಲ್ಲಿ ಯಂತ್ರದ ಬಳಿ ಮನುಷ್ಯ ತಲುಪಲು ಅತಿ ಕಷ್ಟವಾದ ಹೊತ್ತನ್ನೇ ಆರಿಸಿ ಅದನ್ನು ಮಲಗಿಸಿ ಎಬ್ಬಿಸುತ್ತಿದ್ದೇವೆ. ಚೆಂಬೂರು ಸ್ಟೇಷನ್ನಿನ ಹತ್ತಿರ ನಾನು ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿ ಆದದ್ದು ಇದೇ. ಎರಡಕ್ಕೆ ಸರ್ವರ್ ರೀಬೂಟ್ ಆಯಿತು, ಎದ್ದಿತು, ಪಿಂಗ್‌ಗೆ ಉತ್ತರವನ್ನೂ ಕೊಟ್ಟಿತು. ಲೆಕ್ಕದ ಡೇಟಾಬೇಸ್ ಇದ್ದ ಡಿಸ್ಕು ಮಾತ್ರ ಜೋಡಣೆಯಾಗಿರಲಿಲ್ಲ. ಎಂದೋ ಒಂದು ದಿನ ಅವಸರದಲ್ಲಿ ಅದನ್ನು ಕೈಯಾರೆ ಮೌಂಟ್ ಮಾಡಿ, ಯಂತ್ರ ಏಳುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆಯುವುದನ್ನು ಮರೆತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಗುಮಾಸ್ತರು ಫೋನ್ ಮಾಡುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ಜನ ನಿಂತಿದ್ದರು.

ಆಗ ಕೆಲವರು ಆಟೋಮೇಷನ್ನನ್ನೇ ದೂರಿದರು. ಅದು ತಪ್ಪು. ರೀಬೂಟ್ ಆ ದೋಷವನ್ನು ಹುಟ್ಟಿಸಲಿಲ್ಲ, ಬಯಲಿಗೆ ತಂದಿತು. 2020ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ ಮುಂಬಯಿಯ ಬಹುಭಾಗದಲ್ಲಿ ಕರೆಂಟು ಹೋಯಿತಲ್ಲ, ಅಂದು ಯುಪಿಎಸ್ ಖಾಲಿಯಾದ ಕಡೆಯೆಲ್ಲ ಸರ್ವರ್‌ಗಳು ಯಾರ ಅಪ್ಪಣೆಗೂ ಕಾಯದೆ ರೀಬೂಟ್ ಆದವು, ಅದೂ ಕೆಲಸದ ಹೊತ್ತಿನಲ್ಲಿ. ಎರಡು ವಾರಕ್ಕೊಮ್ಮೆ ತಾನಾಗಿ ಮಲಗಿ ಏಳುವ ಯಂತ್ರಕ್ಕೆ ಅಂಥ ದಿನದ ಭಯ ಕಡಿಮೆ. ರೀಬೂಟ್ ಇಲ್ಲದೆ ಕರ್ನಲ್ ತಿದ್ದುವ ಲೈವ್‌ಪ್ಯಾಚ್ ಬಗ್ಗೆ ನನಗಿರುವ ಅರೆಮನಸ್ಸಿಗೂ ಇದೇ ಕಾರಣ. 2015ರಲ್ಲಿ ಬಂದ ಲಿನಕ್ಸ್ 4.0ರಿಂದ ಕರ್ನಲ್ಲಿನಲ್ಲೇ ಅದಕ್ಕೆ ಜಾಗವಿದೆ, ತುರ್ತಿಗೆ ಬಹಳ ಒಳ್ಳೆಯದು. ಎಲ್ಲ ತಿದ್ದುಪಡಿಗಳೂ ಅದರಲ್ಲಿ ಬರುವುದಿಲ್ಲ. ಮರೆತ ಎಫ್‌ಎಸ್‌ಟ್ಯಾಬ್ ಅಂತೂ ಮರೆತೇ ಇರುತ್ತದೆ.

ರೀಬೂಟನ್ನು ಯಂತ್ರಕ್ಕೆ ಒಪ್ಪಿಸುವ ಕೆಲಸವನ್ನು ಸರಿಯಾಗಿ ಯೋಚಿಸಿ ಮಾಡಿದವರು ‘ಕ್ಯೂರೆಡ್’ ಬರೆದವರು. ಕುಬರ್ನೆಟಿಸ್ ಗುಂಪಿನ ಯಂತ್ರಗಳಲ್ಲಿ ಅದು ಅದೇ ಪುಟ್ಟ ಕಡತವನ್ನು ಗಂಟೆಗೊಮ್ಮೆ ಹುಡುಕುತ್ತದೆ. ಸಿಕ್ಕರೆ ಒಂದು ಬೀಗ ಹಿಡಿದುಕೊಂಡು, ಆ ಯಂತ್ರದ ಕೆಲಸವನ್ನು ಬೇರೆಯವಕ್ಕೆ ಸಾಗಿಸಿ, ಆಮೇಲೆ ರೀಬೂಟ್ ಮಾಡುತ್ತದೆ. ಎದ್ದು ಬಂದ ಯಂತ್ರವೇ ಬೀಗ ಬಿಡಬೇಕು. ಅದು ಏಳದಿದ್ದರೆ ಬೀಗ ಅಲ್ಲೇ ಉಳಿಯುತ್ತದೆ, ಎರಡನೆಯ ಯಂತ್ರದ ಸರದಿ ಬರುವುದೇ ಇಲ್ಲ. ಒಂದು ಏಳದಿದ್ದರೆ ಮಿಕ್ಕವನ್ನು ಮುಟ್ಟದಿರುವ ಈ ಎಚ್ಚರ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದೇ ಅಪ್‌ಡೇಟ್ ಎಲ್ಲ ಕಡೆಗೂ ಒಟ್ಟಿಗೆ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳಲಾಗದೆ ಬಿದ್ದವು. ಅಂದು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಎರಡೇ ಸರ್ವರ್ ಇರುವ ಕಚೇರಿಗೆ ಕುಬರ್ನೆಟಿಸ್ ಬೇಕಿಲ್ಲ, ಆ ಬೀಗ ಬೇಕು. ಚೆಂಬೂರಿನ ಆ ಕಚೇರಿಯಲ್ಲಿ ಈಗ ಮೊದಲ ಸರ್ವರ್ ಬೆಳಗಿನ ಜಾವ ನಾಲ್ಕೂವರೆಗೆ ರೀಬೂಟ್ ಆಗುತ್ತದೆ. ಎದ್ದ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ಡಿಸ್ಕು ಇದೆಯೇ, ಡೇಟಾಬೇಸ್ ಉತ್ತರಿಸುತ್ತದೆಯೇ, ಗುಮಾಸ್ತರ ಪರದೆ ತೆರೆಯುತ್ತದೆಯೇ ಎಂದು ನೋಡುತ್ತದೆ. ಮೂರೂ ಸರಿಯಿದ್ದರೆ ಮಾತ್ರ ಮರುದಿನ ಎರಡನೆಯದರ ಸರದಿ. ತಿಂಗಳ ಕೊನೆಯ ಎರಡು ದಿನ, ಮೊದಲ ಎರಡು ದಿನ ರೀಬೂಟ್ ಇಲ್ಲ. ರೀಬೂಟಿನ ತಾಸು ಕೇಳುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ದಿನ ಕೇಳದ ಕಾರಣ ಅದನ್ನೂ ನಾನೇ ಬರೆಯಬೇಕಾಯಿತು. ನಾಲ್ಕು ಮುಕ್ಕಾಲರೊಳಗೆ ಉತ್ತರ ಬರದಿದ್ದರೆ ನೆರೂಳಿನ ಮನೆಯಲ್ಲಿ ನನ್ನ ಫೋನ್ ಬಡಿದುಕೊಳ್ಳುತ್ತದೆ. ಆ ಹೊತ್ತಿಗೆ ಲೋಕಲ್ ಓಡಾಟ ಶುರುವಾಗಿರುತ್ತದೆ, ಕಚೇರಿಯ ಬಾಗಿಲು ತೆರೆಯುವ ಮೊದಲೇ ಚೆಂಬೂರಿನಲ್ಲಿ ಇಳಿಯಬಹುದು.