‘ಆಗಿ’ ಎಂದರೆ ‘ಎಲ್‌ವೈ’ ಅಲ್ಲ

ಮಲೆನಾಡಿನ ಶೆಟ್ಟಿಕೊಪ್ಪದ ಕಡೆ ಹೊಸದಾಗಿ ಮನೆ ಮಾಡಿದವರನ್ನು ಕೇಳುವುದು ಹೀಗೆ: ‘ಇನ್ನು ಪರ್ಮನೆಂಟಾಗಿ ಇಲ್ಲೇನಾ?’ ‘ಪರ್ಮನೆಂಟ್ಲಿ ಇಲ್ಲೇನಾ’ ಎಂದು ಯಾರೂ ಕೇಳುವುದಿಲ್ಲ. ಕಾಫಿ ಸ್ಟ್ರಾಂಗಾಗಿರುತ್ತದೆ, ಹುಡುಗ ಸೀರಿಯಸ್ಸಾಗಿ ಓದುತ್ತಾನೆ. ಇಂಗ್ಲಿಷಿನಿಂದ ಗುಣವಾಚಕವನ್ನಷ್ಟೇ ಎತ್ತಿಕೊಂಡು, ಅದಕ್ಕೆ ತನ್ನ ‘ಆಗಿ’ಯನ್ನು ಸೇರಿಸಿ ಕನ್ನಡ ತನ್ನ ಕೆಲಸ ಮುಗಿಸುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದರಲ್ಲಿ ತಪ್ಪುವುದಿಲ್ಲ.

ಅದೇ ಅಜ್ಜಿಯ ಮೊಮ್ಮಗಳು ‘ನಮ್ಮೂರು ಸುಂದರವಾಗಿದೆ’ ಎನ್ನಲು ಹೋಗಿ ಪರೀಕ್ಷೆಯಲ್ಲಿ ‘ಅವರ್ ವಿಲೇಜ್ ಈಸ್ ಬ್ಯೂಟಿಫುಲಿ’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ಜೊತೆಗೊಂದು ಬುದ್ಧಿಮಾತು: ಕನ್ನಡದಲ್ಲಿ ಯೋಚಿಸಬೇಡ, ಇಂಗ್ಲಿಷಿನಲ್ಲೇ ಯೋಚಿಸು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಷ್ಟೇ ಅಲ್ಲ, ಕನ್ನಡನಾಡಿನ ಉದ್ದಗಲಕ್ಕೂ ಕಲಿಸುವವರು, ಹೆತ್ತವರು ನಂಬಿಕೊಂಡು ಬಂದ ಮಾತಿದು. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಬಂದ ಮೇಲೆ ಆರು ವರ್ಷದ ಮಕ್ಕಳ ಕಿವಿಗೂ ಇದು ಬೀಳುತ್ತಿದೆ. ಈ ನಂಬಿಕೆ ತಪ್ಪು. ಆ ಹುಡುಗಿಯನ್ನು ಎಡವಿಸಿದ್ದು ಕನ್ನಡವಲ್ಲ. ‘ಆಗಿ’ ಇದ್ದಲ್ಲೆಲ್ಲ ಇಂಗ್ಲಿಷ್ ಪದದ ಕೊನೆಗೆ ‘ಎಲ್‌ವೈ’ ಹಾಕು ಎಂಬ ಸೂತ್ರ. ಆ ಸೂತ್ರ ಅವಳಿಗೆ ಸಿಕ್ಕಿದ್ದು ತರಗತಿಯಲ್ಲಿ.

ಕನ್ನಡದ ‘ಆಗಿ’, ‘ಗೆ’ ಏನೇನು ಮಾಡುತ್ತವೆ ನೋಡಿ. ‘ಮೆತ್ತಗೆ ಮಾತಾಡಿದ’ ಎಂದರೆ ಕೆಲಸ ನಡೆದ ರೀತಿ. ‘ಹಾಸಿಗೆ ಮೆತ್ತಗಿದೆ’ ಎಂದರೆ ವಸ್ತುವಿನ ಗುಣ. ‘ಅಡಿಕೆ ಮರ ನೆಟ್ಟಗಿದೆ’, ‘ಅವಳು ಬೆಳ್ಳಗಿದ್ದಾಳೆ’ – ಇವು ಬೆಳಗಾಗುವಷ್ಟರಲ್ಲಿ ಬದಲಾಗುವ ಗುಣಗಳಲ್ಲ, ನೆಲೆನಿಂತವು. ‘ಮರ ಎತ್ತರವಾಗಿ ಬೆಳೆದಿದೆ’ ಎಂಬಲ್ಲಿ ಎತ್ತರವಾದದ್ದು ಬೆಳೆದ ರೀತಿಯಲ್ಲ, ಬೆಳೆದು ನಿಂತ ಮರ. ಅವೇ ರೂಪಗಳು, ಮೂರು ಕೆಲಸ. ಇಂಗ್ಲಿಷಿನಲ್ಲಿ ‘ಎಲ್‌ವೈ’ ಸೇರುವುದು ಮುಖ್ಯವಾಗಿ ಮೊದಲನೆಯದಕ್ಕೆ. ಉಳಿದೆರಡಕ್ಕೂ ಬರಿಯ ಗುಣವಾಚಕ ಸಾಕು: ‘ಟ್ರೀ ಈಸ್ ಸ್ಟ್ರೇಟ್’, ‘ಗ್ರೋನ್ ಟಾಲ್’.

ಹಾಗಾದರೆ ಶಾಶ್ವತ ಗುಣಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣವೇ ಇಲ್ಲ ಎಂದು ಹೇಳಿಬಿಡುವುದೂ ಸರಿಯಲ್ಲ. ಟಾಲ್, ಬಿಗ್, ಓಲ್ಡ್ ಇವುಗಳಿಗೆ ‘ಎಲ್‌ವೈ’ ಹಚ್ಚುವ ರೂಢಿಯಿಲ್ಲ, ನಿಜ. ಎತ್ತರದ ಮನುಷ್ಯ ಎತ್ತರದ ರೀತಿಯಲ್ಲಿ ಊಟ ಮಾಡಲಾರ. ಆದರೆ ಕರುಣೆ, ವಿವೇಕವೂ ಬಾಳಿಡೀ ಇರುವ ಗುಣಗಳೇ. ಅವು ನಡವಳಿಕೆಯಲ್ಲಿ ಕಾಣುತ್ತವೆ, ಹಾಗಾಗಿ ಕೈಂಡ್ಲಿ, ವೈಸ್ಲಿ ಎಂಬ ಪದಗಳಿವೆ. ಗುಣ ಎಷ್ಟು ಕಾಲ ಉಳಿಯುತ್ತದೆ ಎಂಬುದಲ್ಲ ಪ್ರಶ್ನೆ, ಕೆಲಸದಲ್ಲಿ ಕಾಣುತ್ತದೆಯೇ ಎಂಬುದು. ಇದನ್ನು ಕನ್ನಡದಲ್ಲೇ ವಿವರಿಸಿದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಎಲ್‌ವೈ ಸೂತ್ರದ ಇನ್ನೊಂದು ಬಲಿ ‘ಹಾರ್ಡ್ಲಿ’. ಕಷ್ಟಪಟ್ಟು ದುಡಿಯುತ್ತಾನೆ ಎನ್ನಲು ಹೋಗಿ ‘ಹಿ ಹಾರ್ಡ್ಲಿ ವರ್ಕ್ಸ್’ ಎಂದು ಬರೆದರೆ, ದುಡಿಯುವುದೇ ಅಪರೂಪ ಎಂದಂತಾಗುತ್ತದೆ. ತಂದೆಯ ಬಗ್ಗೆ ಪ್ರಬಂಧ ಬರೆಯುವ ಮಗುವಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಡ.

ಗಾಯ ಕನ್ನಡಕ್ಕೂ ಆಗಿದೆ. ‘ಅವನು ಒಳ್ಳೆಯವನು’ ಎಂದರೆ ಅದು ಅವನ ಸ್ವಭಾವ. ‘ಅವನು ಒಳ್ಳೆಯವನಾಗಿದ್ದಾನೆ’ ಎಂದರೆ ಮೊದಲು ಹೇಗಿದ್ದನೋ ಎಂಬ ಅನುಮಾನ ಹುಟ್ಟುತ್ತದೆ. ಉಳಿಯುವುದಕ್ಕೂ ಒದಗಿ ಬಂದದ್ದಕ್ಕೂ ಇಷ್ಟು ನವಿರಾದ ಭೇದ ನಮ್ಮ ಮಾತಿನಲ್ಲಿದೆ. ಇಂಗ್ಲಿಷಿನ ‘ಈಸ್’ ಕಂಡಲ್ಲೆಲ್ಲ ‘ಆಗಿದ್ದಾರೆ’ ಹಾಕುವ ಅನುವಾದದ ಚಾಳಿ ಅದನ್ನು ಅಳಿಸುತ್ತಿದೆ. ‘ಅವರು ಖ್ಯಾತ ಕವಿ’ ಎಂದರೆ ಸಾಕಾಗಿದ್ದಲ್ಲಿ ‘ಖ್ಯಾತ ಕವಿಯಾಗಿದ್ದಾರೆ’ ಎಂದು ಬರೆಯುತ್ತೇವೆ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯುವುದರ ವಿರುದ್ಧ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ಇಂಗ್ಲಿಷಿನ ಅಚ್ಚಿಗೂ ಅದೇ ಮಾತು ಸಲ್ಲುತ್ತದೆ.

ಮನೆಯಲ್ಲಿ ಇಂಗ್ಲಿಷ್ ಮಾತು, ಇಂಗ್ಲಿಷ್ ಪುಸ್ತಕ ಇರುವ ಮಗು ಇಂಗ್ಲಿಷಿನಲ್ಲೇ ಯೋಚಿಸೀತು. ತೋಟದ ನಡುವಿನ ಮನೆಯಿಂದ ಬರುವ ಮಗುವಿಗೆ ಯೋಚಿಸಲು ಇರುವುದು ಕನ್ನಡ. ಅದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬಾ ಎಂದರೆ, ಆ ಮಗುವಿನ ಬಳಿ ಉಳಿಯುವುದು ಬಾಯಿಪಾಠ ಮಾತ್ರ.

ಶೆಟ್ಟಿಕೊಪ್ಪದಲ್ಲಾಗಲಿ ಬೇರೆಲ್ಲೇ ಆಗಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ನಾಳೆಯ ಪಾಠಕ್ಕೆ ಮೊದಲು ‘ಮೆತ್ತಗೆ ಮಾತಾಡಿದ’, ‘ಹಾಸಿಗೆ ಮೆತ್ತಗಿದೆ’ ಎಂಬ ಎರಡು ವಾಕ್ಯಗಳನ್ನು ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯಿರಿ. ಎರಡಕ್ಕೂ ಏನು ವ್ಯತ್ಯಾಸ ಎಂದು ಮಕ್ಕಳನ್ನೇ ಕೇಳಿ. ಎಲ್‌ವೈ ವಿಷಯ ಆಮೇಲೆ ತೆಗೆಯಿರಿ.