ಒಂದು ಸಾಲಿನ ಮುಂದೆ

ಬೈಬಲ್‌ನ ಒಂದೇ ಸಾಲನ್ನು ಹಿಡಿದು ಬಹಳ ಹೊತ್ತು ಕೂರುವ ವಿದ್ಯೆಯೊಂದು ಕ್ರೈಸ್ತ ಮಠಗಳಲ್ಲಿ ಬೆಳೆದುಬಂದಿದೆ. ಲ್ಯಾಟಿನ್‌ನಲ್ಲಿ ಅದು ಲೆಕ್ಸಿಯೋ ದಿವಿನಾ.

ಆರನೇ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 48ನೇ ಅಧ್ಯಾಯ ದುಡಿಮೆಯಂತೆ ಓದಿಗೂ ಹೊತ್ತು ಗೊತ್ತುಮಾಡಿತು. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಓದುವವರು ಪಕ್ಕದವರಿಗೆ ತೊಂದರೆ ಕೊಡಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ. ಆಗ ದನಿ ಹೊರಡಿಸಿ ಓದುವುದೇ ವಾಡಿಕೆ. ಅಕ್ಷರ ಕಿವಿಗೂ ನಾಲಿಗೆಗೂ ದಕ್ಕುತ್ತಿತ್ತು.

ಹನ್ನೆರಡನೇ ಶತಮಾನದಲ್ಲಿ ಫ್ರಾನ್ಸಿನ ಗ್ರಾಂಡ್ ಶಾರ್ತ್ರೂಸ್ ಮಠದ ಸನ್ಯಾಸಿ ಎರಡನೇ ಗೀಗೋ ಈ ಓದಿಗೆ ನಾಲ್ಕು ಮೆಟ್ಟಿಲು ಕಟ್ಟಿದರು: ಓದು, ಮನನ, ಪ್ರಾರ್ಥನೆ, ದೇವರಲ್ಲಿ ತನ್ಮಯತೆ. ಅವರ ಪುಟ್ಟ ಕೃತಿಯ ಸೊಗಸೆಲ್ಲ ಉದಾಹರಣೆಯಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ಶುದ್ಧ ಹೃದಯದವರ ಬಗ್ಗೆ ಯೇಸು ಆಡಿದ ಮಾತನ್ನು ಅವರು ದ್ರಾಕ್ಷಿಯಂತೆ ಅಗಿಯುತ್ತಾರೆ. ಮೈ ಎನ್ನದೆ ಹೃದಯ ಎಂದದ್ದೇಕೆ ಎಂದು ತಡೆದು ನಿಲ್ಲುತ್ತಾರೆ. ಕೈ ಶುದ್ಧವಾದರೆ ಸಾಲದು, ಒಳಗಿನ ಯೋಚನೆಯೂ ತಿಳಿಯಾಗಬೇಕಲ್ಲ! ಅಲ್ಲಿಂದ ಕೀರ್ತನೆಗಳಿಗೆ ಹೋಗಿ, ನಿರ್ಮಲ ಹೃದಯಕ್ಕಾಗಿ ಮೊರೆಯಿಡುವ ದನಿಯನ್ನು ಹುಡುಕಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಓದೇ ಬೇಡಿಕೆಯಾಗಿರುತ್ತದೆ. ವ್ಯಾಖ್ಯಾನ ಎಲ್ಲಿ ಮುಗಿಯಿತು, ಪ್ರಾರ್ಥನೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಈ ಕಲೆಯ ಹೆಚ್ಚುಗಾರಿಕೆ ಅದೇ.

ಬೈಬಲ್ ಓದಿನೊಂದಿಗೆ ಪ್ರಾರ್ಥನೆಯೂ ಇರಬೇಕೆಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಂ’ ಎಂಬ ದಾಖಲೆ ಎಲ್ಲ ವಿಶ್ವಾಸಿಗಳಿಗೂ ಹೇಳಿತು. ಸನ್ಯಾಸಿಗಳ ಈ ಅಭ್ಯಾಸ ಈಗ ಸಂಸಾರಸ್ಥರ ಕೈಗೂ ಸಿಕ್ಕಿದೆ.