ಯಾರೂ ಇಲ್ಲದ ಊರಿಗೆ ಬರೆದ ಪಟ್ಟಿ

ಬೈಕಲ್ಲಿ ದೂರ ಹೋಗಿ ಟೆಂಟ್ ಹಾಕಿ ಮಲಗೋ ಆಸೆ ಇರುವ ಬೆಂಗಳೂರಿಗರ ಫೋನಿನಲ್ಲಿ ಒಂದು ಪ್ಯಾಕಿಂಗ್ ಪಟ್ಟಿ ಇದ್ದೇ ಇರುತ್ತೆ. ನನ್ನ ಫೋನಿನಲ್ಲಿ ನಾಲ್ಕಿವೆ. ಎರಡು ಯೂಟ್ಯೂಬ್ ನೋಡಿ ಬರೆದುಕೊಂಡದ್ದು, ಒಂದು ಆಫೀಸಿನ ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ್ದು, ಇನ್ನೊಂದು ಟೆಂಟ್ ಕೊಂಡಾಗ ಅಂಗಡಿಯಲ್ಲಿ ಕೊಟ್ಟ ಚೀಟಿಯ ಫೋಟೊ. ಪಕ್ಕಪಕ್ಕ ಇಟ್ಟು ಓದಿದರೆ ನಾಲ್ಕೂ ಒಂದೇ. ಟೆಂಟು, ಸ್ಲೀಪಿಂಗ್ ಬ್ಯಾಗು, ಗ್ಯಾಸ್ ಸ್ಟೌ, ನೀರಿನ ಫಿಲ್ಟರು, ಮಡಚೋ ಕುರ್ಚಿ, ಪಂಚರ್ ಕಿಟ್ಟು, ಹೆಡ್‌ಲ್ಯಾಂಪು, ಸೊಳ್ಳೆಬತ್ತಿ. ಹೋಗ್ತಿರೋದು ಎಲ್ಲಿಗೆ ಅನ್ನೋದು ಮಾತ್ರ ಯಾವುದರಲ್ಲೂ ಇಲ್ಲ.

ಪುಸ್ತಕಕ್ಕೆ, ಸಿನಿಮಾಕ್ಕೆ ವಿಮರ್ಶೆ ಬರೀತೀವಿ, ಇವಕ್ಕೆ ಯಾಕೆ ಬರೆಯಬಾರದು? ಪ್ರವಾಸ ಕಥನ ಓದುವವರಿಗಿಂತ ಪ್ಯಾಕಿಂಗ್ ವೀಡಿಯೊ ನೋಡುವವರೇ ಜಾಸ್ತಿ ಇರಬೇಕು. ಅದನ್ನು ನಂಬಿ ಒಂದು ತಿಂಗಳ ಸಂಬಳ ಸುರಿಯುವವರೂ ನನಗೆ ಗೊತ್ತು. ಅಳತೆಗೋಲಾಗಿ ನಾನು ಕೋಲಾರ ಜಿಲ್ಲೆಯನ್ನು ತಗೊಳ್ತೀನಿ. ಲಡಾಖ್, ಸ್ಪಿತಿ ಅಂತ ಹೊರಡೋರು ಅದಕ್ಕೆ ಮೊದಲು ಲಗೇಜೆಲ್ಲ ಕಟ್ಟಿಕೊಂಡು ಹತ್ತಿರದಲ್ಲೇ ಒಂದು ಪರೀಕ್ಷಾ ಸವಾರಿ ಮಾಡೋದುಂಟು. ಮಾಲೂರು, ಟೇಕಲ್, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಅಲ್ಲಿಂದ ಕೋಲಾರ, ಆಮೇಲೆ ಹೈವೇ ಹಿಡಿದು ವಾಪಸ್. ಎರಡು ರಾತ್ರಿಗೆ ಹೇಳಿ ಮಾಡಿಸಿದ ಸುತ್ತು. ಬಂಡೆ ಬೆಟ್ಟ ಇದೆ, ಕೆರೆ ಇದೆ, ಕೆಟ್ಟ ರಸ್ತೆಯೂ ಬೇಕಾದಷ್ಟಿದೆ.

ಮೊದಲು ನೀರು. ಪಟ್ಟಿಯಲ್ಲಿರೋ ಫಿಲ್ಟರಿನ ಲೆಕ್ಕ ಹೀಗೆ: ಹಳ್ಳದ್ದೋ ಕೆರೆಯದ್ದೋ ನೀರು ತುಂಬು, ಹಿಂಡು, ಕುಡಿ. ಕೋಲಾರದಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಇರೋದು ಕೆರೆಗಳು. ಅವುಗಳಲ್ಲಿ ಅನೇಕಕ್ಕೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರ್ತಿರೋದು ಬೆಂಗಳೂರಿನ ಕೊಳಚೆ ನೀರು, ಎರಡನೇ ಹಂತದವರೆಗೆ ಸಂಸ್ಕರಿಸಿದ್ದು. ಅಂತರ್ಜಲ ಮೇಲೆ ಬರಲಿ ಅಂತ ಕೆರೆಗೆ ಬಿಡ್ತಾರೆ, ಕುಡಿಯೋಕಲ್ಲ. 0.1 ಮೈಕ್ರಾನ್ ಫಿಲ್ಟರು ಬ್ಯಾಕ್ಟೀರಿಯಾ ತಡೆಯುತ್ತೆ. ನೀರಲ್ಲಿ ಕರಗಿರೋ ನೈಟ್ರೇಟು, ಲೋಹ ಎಲ್ಲ ಅದರೊಳಗಿಂದ ಆರಾಮಾಗಿ ದಾಟಿಕೊಂಡು ಬರುತ್ತೆ. (ಕೋರಮಂಗಲದ ಫ್ಲ್ಯಾಟಿನಲ್ಲಿ ಫ್ಲಶ್ ಮಾಡಿದ್ದನ್ನೇ ಕೋಲಾರದ ಕೆರೆ ಏರಿ ಮೇಲೆ ಕೂತು 'ಪ್ರಕೃತಿಯ ಮಡಿಲು' ಅಂತ ಫೋಟೊ ಹಾಕ್ತೀವಲ್ಲ, ಅದು ಬೇರೆ ವಿಷಯ.) ಸರಿ, ಬೋರ್‌ವೆಲ್ ನೀರು ಕುಡಿಯೋಣ ಅಂದರೆ ಈ ಜಿಲ್ಲೆಯ ಆಳದ ನೀರಿನಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋ ಮಿತಿಯನ್ನು ಎಷ್ಟೋ ಕೊಳವೆಬಾವಿಗಳು ದಾಟಿವೆ. ಕುದಿಸಿದರೂ ಫ್ಲೋರೈಡ್ ಹೋಗಲ್ಲ, ಕ್ಲೋರಿನ್ ಮಾತ್ರೆ ಹಾಕಿದರೂ ಹೋಗಲ್ಲ. ಊರಿನವರು ಏನು ಮಾಡ್ತಾರೆ? ಬಿಂದಿಗೆ, ಕ್ಯಾನು ಹಿಡಿದು ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕ್ತಾರೆ. ನಿಮಗೆ ಬೇಕಾದ್ದು ಮಡಚಿಡಬಹುದಾದ ಒಂದು ಐದು ಲೀಟರ್ ಕ್ಯಾನು, ಜೇಬಲ್ಲಿ ಚಿಲ್ಲರೆ. ಎರಡೂ ನಾನು ನೋಡಿದ ಯಾವ ಪಟ್ಟಿಯಲ್ಲೂ ಇಲ್ಲ.

ಪಂಚರ್ ಕಿಟ್ಟಿನ ಕಥೆ ಇನ್ನೂ ಚೆನ್ನಾಗಿದೆ. ಎಲ್ಲರೂ ಹೇಳೋದು ಟ್ಯೂಬ್‌ಲೆಸ್ ಕಿಟ್, ಅಂದರೆ ತೂತಿಗೆ ಬತ್ತಿ ತುರುಕೋ ಸಾಮಾನು. ಈ ಹುಚ್ಚು ಹಿಡಿದವರಲ್ಲಿ ತುಂಬಾ ಜನ ಓಡಿಸೋ ಹಳೇ 411 ಹಿಮಾಲಯನ್‌ದು ಟ್ಯೂಬ್ ಇರೋ ಟೈರು, ಆ ಕಿಟ್ಟು ಅದಕ್ಕೆ ನಯಾಪೈಸೆ ಉಪಯೋಗವಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕೋ ಅಂಗಡಿ ನಂಗಲಿಯಿಂದ ಮಾಲೂರಿನವರೆಗೆ ಎಲ್ಲಿ ಬೇಕಾದರೂ ಸಿಗುತ್ತೆ, ಕೈಕೆಲಸ ನಮಗಿಂತ ನೂರು ಪಾಲು ವಾಸಿ. ಆದರೆ ಟ್ಯೂಬೇ ಹರಿದುಹೋದರೆ? ಮುಂದಿನ ಚಕ್ರ 21 ಇಂಚಿನದು. ಆ ಅಳತೆ ಟ್ಯೂಬನ್ನು ಹಳ್ಳಿ ಪಂಚರ್ ಅಂಗಡಿಯವರು ತಂದಿಟ್ಟುಕೊಂಡು ಯಾರಿಗೆ ಮಾರಬೇಕು? ಹಾಗಾಗಿ ಹೊತ್ತುಕೊಂಡು ಹೋಗಬೇಕಾದ್ದು ಆ ಟ್ಯೂಬು ಮತ್ತು ನಿಮ್ಮ ಬೈಕಿನದೇ ಕ್ಲಚ್ ಕೇಬಲ್ಲು. ಹಾಕೋ ಕೈ ಅಲ್ಲಿದೆ, ಸಾಮಾನು ಅಲ್ಲಿಲ್ಲ. ಈ ಒಂದು ಲೆಕ್ಕ ಹಿಡಿದುಕೊಂಡು ಇಡೀ ಪಟ್ಟಿ ಮತ್ತೆ ಓದಿದರೆ ಅರ್ಧ ಸಾಮಾನು ಮನೆಯಲ್ಲೇ ಉಳಿಯುತ್ತೆ. ಸೊನ್ನೆ ಡಿಗ್ರಿಯ ಸ್ಲೀಪಿಂಗ್ ಬ್ಯಾಗೂ ಅದರಲ್ಲೊಂದು. ಒಂದು ಕಾಲಕ್ಕೆ ಕೈಮಗ್ಗದ ಕಂಬಳಿಗೆ ಹೆಸರಾಗಿದ್ದ ಊರು ಕೋಲಾರ, ಡಿಸೆಂಬರ್ ರಾತ್ರಿಗೂ ಅಲ್ಲಿ ಒಂದು ಕಂಬಳಿ ಸಾಕು.

ಹಾಗಂತ ಪಟ್ಟಿ ಬರೆಯೋದೇ ತಪ್ಪು ಅಂತಲ್ಲ. ನಾನು ಓದಿರೋ ಅತ್ಯುತ್ತಮ ಪ್ಯಾಕಿಂಗ್ ಪಟ್ಟಿ ಇರೋದು ರಾಬರ್ಟ್ ಪಿರ್ಸಿಗ್‌ರ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿ. 1974ರಲ್ಲಿ ಬಂದ ಪುಸ್ತಕ. ಬಟ್ಟೆ, ಸ್ವಂತದ ಸಾಮಾನು, ಅಡುಗೆ ಮತ್ತು ಕ್ಯಾಂಪಿಂಗು, ಬೈಕಿನದು ಅಂತ ನಾಲ್ಕು ಭಾಗ. ಬೈಕಿನ ರಿಪೇರಿ ಪುಸ್ತಕದ ಜೊತೆಗೆ ಥೋರೋನ 'ವಾಲ್ಡನ್' ಕೂಡ ಇದೆ. ಅಲ್ಲಿ ಸಾಮಾನಿನ ಜೊತೆ ಅದು ಯಾಕೆ ಬೇಕು ಅನ್ನೋದೂ ಸಿಗುತ್ತೆ. ಅಪ್ಪ-ಮಗ ಸಣ್ಣ ಹೋಂಡಾದಲ್ಲಿ ಹೊರಟಿರೋದು ಅಮೆರಿಕದ ಬಯಲಲ್ಲಿ. ಮೆಕ್ಯಾನಿಕ್ ಸಿಗದೇ ಹೋಗಬಹುದು, ಸಿಕ್ಕಿದರೂ ಅವನ ಮೇಲೆ ಬರೆದವರಿಗೆ ನಂಬಿಕೆ ಇಲ್ಲ. ಆ ಪಟ್ಟಿ ಆ ದಾರಿಗೆ ಸರಿಹೊಂದುತ್ತೆ. ನಮ್ಮ ವೀಡಿಯೊದವರು ಅಂಥ ಕಡೆಯಿಂದ ಸಾಮಾನು ಮಾತ್ರ ಎತ್ತಿಕೊಂಡು, 'ಯಾಕೆ'ಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಮೈಲಿಗಟ್ಟಲೆ ನರಪಿಳ್ಳೆ ಇಲ್ಲ ಅಂತ ಊಹಿಸಿಕೊಂಡು ಬರೆದದ್ದನ್ನು, ನಾಲ್ಕು ಕಿಲೋಮೀಟರಿಗೊಂದು ಹಳ್ಳಿ ಇರೋ ಕಡೆ ಹೊತ್ತುಕೊಂಡು ಹೋಗ್ತಿದ್ದೀವಿ.

ಹೋದರೆ ಏನಾಯ್ತು, ಭಾರ ನಮ್ಮದು ತಾನೇ ಅನ್ನಬಹುದು. ಭಾರ ನಮ್ಮದೇ, ಒಪ್ಪಿದೆ. ಸುಮಾರು ಇನ್ನೂರು ಕೆಜಿ ಬೈಕಿನ ಹಿಂದಿನ ಕ್ಯಾರಿಯರ್ ಮೇಲೆ ಎತ್ತರಕ್ಕೆ ಪೇರಿಸಿದರೆ ಮುಂದಿನ ಚಕ್ರ ಹಗುರವಾಗುತ್ತೆ, ಜಲ್ಲಿ ತಿರುವಲ್ಲಿ ಹ್ಯಾಂಡಲ್ ಹೇಳಿದ ಮಾತು ಕೇಳಲ್ಲ. ಭಾರ ಕಟ್ಟೋದನ್ನು ಕಲಿಯೋಕೆ ಕೋಲಾರದ ಎಪಿಎಂಸಿ ಹತ್ತಿರ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಸಾಕು. 15 ಕೆಜಿಯ ಟೊಮೆಟೊ ಬಾಕ್ಸುಗಳನ್ನು ಟಿವಿಎಸ್ ಎಕ್ಸೆಲ್‌ನಲ್ಲಿ ತರುವವರು ಕಾಲಿಡೋ ಜಾಗದಲ್ಲಿ ಮೊದಲು ಇಡ್ತಾರೆ, ಆಮೇಲೆ ಹಿಂದೆ. ಹಾಲಿನವರು ಕ್ಯಾನುಗಳನ್ನು ಎರಡೂ ಪಕ್ಕ ಸಮ ತೂಕಕ್ಕೆ, ತಗ್ಗಿನಲ್ಲಿ ನೇತುಹಾಕ್ತಾರೆ. ಕಟ್ಟೋದು ಹಳೇ ಟ್ಯೂಬ್ ಕತ್ತರಿಸಿದ ಪಟ್ಟಿಯಲ್ಲಿ. ದುಬಾರಿ ಲಗೇಜ್ ಬ್ಯಾಗಿನ ಜೊತೆ ಬರೋ ಪುಸ್ತಿಕೆಯೂ ಇದನ್ನೇ ಹೇಳುತ್ತೆ, ಇಂಗ್ಲಿಷಿನಲ್ಲಿ.

ಆದರೆ ಕೆಲವು ಸಾಮಾನಿನ ಭಾರ ಬೇರೆಯವರ ಮೇಲೆ ಬೀಳುತ್ತೆ. ಹೋದ ವರ್ಷ ಚಳಿಗಾಲದಲ್ಲಿ ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆ ಹೋಗುವಾಗ ಒಂದು ಹಳ್ಳಿಯಲ್ಲಿ ಬೈಕ್ ನಿಲ್ಲಿಸಿದೆ. ಅರಳಿಕಟ್ಟೆಯಲ್ಲಿದ್ದ ಅಜ್ಜ "ಏ ಊರು ಮೀದಿ?" ಅಂತ ತೆಲುಗಲ್ಲಿ ಕೇಳಿ, ನಾನು ಬೆಂಗಳೂರು ಅಂದ ಮೇಲೆ ಕನ್ನಡಕ್ಕೆ ಬಂದರು. ಗುಂಡುತೋಪಿನಲ್ಲಿ ಟೆಂಟ್ ಹಾಕಲಾ ಅಂದೆ. "ಹಾಕ್ಕೋಪ್ಪ, ಅದೇನು ಕೇಳೋದು. ಕತ್ತಲಾಗೋಕ್ ಮುಂಚೆ ಹಾಕ್ಕೋ." ಬ್ಯಾಗ್ ಬಿಚ್ಚುವಾಗ ಎದುರು ಮನೆಯ ಅಕ್ಕ ಸೊಳ್ಳೆಬತ್ತಿ ಪ್ಯಾಕೆಟ್ ನೋಡಿದರು. "ಅಣ್ಣಾ, ಅದೊಂದು ಹಚ್ಬೇಡಿ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ." ರೇಷ್ಮೆ ಹುಳು ಸಾಕೋರ ಭಾಷೆಯಲ್ಲಿ ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತು. ನಾಲ್ಕನೆಯದು ಕೊನೆಯದು, ಎದ್ದ ಮೇಲೆ ವಾರ ತಿಂದು ಗೂಡು ಕಟ್ಟುತ್ತೆ. ಅಲ್ಲಿಯವರೆಗೆ ಹಾಕಿದ ಸೊಪ್ಪು, ಕೂಲಿ, ನಿದ್ದೆಗೆಟ್ಟ ರಾತ್ರಿ ಎಲ್ಲ ಆ ತಟ್ಟೆಗಳಲ್ಲಿದೆ. ಸೊಳ್ಳೆ ಕೊಲ್ಲೋ ಔಷಧಕ್ಕೆ ರೇಷ್ಮೆ ಹುಳು ಯಾವುದು, ಸೊಳ್ಳೆ ಯಾವುದು ಅಂತ ವ್ಯತ್ಯಾಸ ಗೊತ್ತಾಗಲ್ಲ. 'ಟೆಂಟ್ ಸುತ್ತ ನಾಲ್ಕು ಬತ್ತಿ ಹಚ್ಚಿ' ಅಂತ ನಗುನಗುತ್ತಾ ಹೇಳೋ ವೀಡಿಯೊದವರಿಗೆ ಗಾಳಿ ಯಾವ ಮನೆ ಕಡೆ ಬೀಸ್ತಿದೆ ಅನ್ನೋದು ಯಾಕೆ ಬೇಕು? ಅವರ ಪಟ್ಟಿಯಲ್ಲಿ ಮನೆಯೇ ಇಲ್ಲವಲ್ಲ.

ಹೆಡ್‌ಲ್ಯಾಂಪೂ ಹೀಗೇ. ಮೇ-ಜೂನ್‌ನಲ್ಲಿ ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ರಾತ್ರಿ ಕಾವಲಿರುತ್ತೆ. ಫಸಲು ಗುತ್ತಿಗೆ ಹಿಡಿದವರ ಆಳು ಗುಡಿಸಲಲ್ಲಿ ಎದ್ದು ಕೂತಿರ್ತಾನೆ. ಮರಗಳ ನಡುವೆ ಬಿಳಿ ಬೆಳಕು ಆಡಿತು ಅಂದರೆ ಅವನ ಪಾಲಿಗೆ ಕಳ್ಳರು ಬಂದ ಹಾಗೆ. ಗ್ಯಾಸ್ ಸ್ಟೌ ಬಗ್ಗೆ ಜಾಸ್ತಿ ಹೇಳಬೇಕಿಲ್ಲ: ಫೆಬ್ರವರಿ ದಾಟಿದ ಮೇಲೆ ಅಂತರಗಂಗೆ ಬೆಟ್ಟದ ಒಣಹುಲ್ಲಿಗೆ ಒಂದು ಕಿಡಿ ಸಾಕು, ಕೆಳಗೆ ಊರಲ್ಲಿ ಹೋಟೆಲ್ ಇದೆ.

ಗುಂಡುತೋಪಿನ ಮಾತು ಬಂತಲ್ಲ. ಹುಣಸೆ, ಹೊಂಗೆ, ಮಾವು, ನೇರಳೆ ನೆಟ್ಟು ಊರಿನ ಹೊರಗೆ ಬಿಡ್ತಿದ್ದ ತೋಪು ಅದು. ದಾರಿಹೋಕರು, ಎತ್ತಿನ ಗಾಡಿಯವರು ಗಾಡಿ ಬಿಟ್ಟು ಒಲೆ ಹೂಡಿ ರಾತ್ರಿ ಕಳೀತಿದ್ದರು. ಕ್ಯಾಂಪಿಂಗ್ ಅನ್ನೋದು ನಮ್ಮ ಕಡೆಗೆ ಟೆಂಟ್ ಕಂಪನಿಗಳ ಜೊತೆ ಬಂದದ್ದೇನಲ್ಲ, ಅದಕ್ಕೊಂದು ಜಾಗ ಊರಿನ ಲೆಕ್ಕದಲ್ಲೇ ಇತ್ತು. ಎಷ್ಟೋ ಕಡೆ ಒತ್ತುವರಿಯಾಗಿದೆ. ಉಳಿದ ಕಡೆ ಕೇಳಿದರೆ ಬೇಡ ಅನ್ನೋದು ಅಪರೂಪ. ಕೇಳಬೇಕು ಅಂದರೆ ಸಂಜೆ ಐದರೊಳಗೆ ತಲುಪಬೇಕು, ಮುಖ ಕಾಣೋ ಬೆಳಕಿರಬೇಕು. ಹಾಗಾಗಿ ಬೆಂಗಳೂರು ಎಷ್ಟೊತ್ತಿಗೆ ಬಿಡಬೇಕು ಅನ್ನೋ ಲೆಕ್ಕ ಅಲ್ಲಿಂದ ಹಿಂದಕ್ಕೆ ಹಾಕೋದು ಒಳ್ಳೇದು.

ಇದನ್ನೆಲ್ಲ ಹೇಳಿದಾಗ ಆಫೀಸಿನ ಗೆಳತಿಯೊಬ್ಬಳು ತಕರಾರು ತೆಗೆದಳು. ಅವಳೂ ಒಬ್ಬಳೇ ಬೈಕಲ್ಲಿ ಹೋಗ್ತಾಳೆ. "ನೀನು ಅರಳಿಕಟ್ಟೆಯಲ್ಲಿ ಕೇಳಿದರೆ ಜಾಗ ಸಿಗುತ್ತೆ. ನಾನು ಕೇಳಿದರೆ, ಒಬ್ಬಳು ಹುಡುಗಿ ತೋಪಲ್ಲಿ ಮಲಗ್ತಾಳೆ ಅನ್ನೋದು ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತೆ." ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಜನ ಇದ್ದಾರೆ ಅನ್ನೋದು ನನಗೆ ಎಷ್ಟು ಧೈರ್ಯವೋ ಅವಳಿಗೆ ಅಷ್ಟೇ ಯೋಚನೆ. ಅವಳು ಕಟ್ಟೆ ಹತ್ತಿರ ನಿಲ್ಲಲ್ಲ. ಸಂಜೆ ಡೈರಿಗೆ ಹಾಲು ಹಾಕೋಕೆ ಹೆಂಗಸರು ಬರೋ ಹೊತ್ತಿಗೆ ಅಲ್ಲಿ ಹೋಗಿ ಮಾತಾಡಿಸ್ತಾಳೆ. ಸರಿ ಅನ್ನಿಸಿದರೆ ಅವರಲ್ಲೊಬ್ಬರ ಅಂಗಳ, ಇಲ್ಲದಿದ್ದರೆ ಮುಳಬಾಗಿಲಿನಲ್ಲಿ ಲಾಡ್ಜು. ಅವಳ ಬ್ಯಾಗಿನಲ್ಲಿ ಟೆಂಟ್ ಇದೆ, ಜೊತೆಗೆ ಲಾಡ್ಜಿನ ಬಾಗಿಲಿಗೆ ಒಳಗಿಂದ ಒತ್ತುಕೊಡೋಕೆ ಒಂದು ಮರದ ಬೆಣೆಯೂ ಇದೆ.